ಬೇಲಿಯ ಧರ್ಮ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ಒಳನಾಡಿನಲ್ಲಿ ಸಂಚರಿಸಿದವರಿಗೆಲ್ಲ ಒಂದು ಮಾರ್ಪಾಡು ಕಣ್ಣಿಗೆ ಬೀಳದೆ ಇರದು. ಹಿಂದೆ ಒಂದು ಹಿತ್ತಲಿಗೂ ಮತ್ತೊಂದು ಹಿತ್ತಲಿಗೂ ನಡುವೆ ಮಣ್ಣಿನ ದರೆಯೋ, ಅಗಳೋ, ಲಕ್ಕಿ ಆಡುಸೋಗೆಗಳ ಗಿಡಬೇಲಿಯೋ ಇರುತ್ತಿದ್ದ ಕಡೆಗಳಲ್ಲಿ ಇಂದು ಕಲ್ಲುಕಂಬಗಳು ನಿಂತಿವೆ. ಕಂಬದಿಂದ ಕಂಬಕ್ಕೆ ಮುಳ್ಳುತಂತಿ ಬಿಗಿದಿದೆ. ಇನ್ನೂ ಅನುಕೂಲವುಳ್ಳವರು ಮುರಕಲ್ಲಿನ ಗೋಡೆಯನ್ನೇ ಎಬ್ಬಿಸಿದ್ದಾರೆ. ಗದ್ದೆಯನ್ನು ಸುತ್ತಿದ ಬೇಲಿಯು ಗದ್ದೆಯಲ್ಲಿಯೇ ನಿಲ್ಲದೆ ಹಾಡಿಯನ್ನು ಹತ್ತಿ, ಹಕ್ಕಲನ್ನು ಬಳಸಿ, ತೋಡಿನ ಅಂಚಿನವರೆಗೂ ಇಳಿದಿದೆ. ತನ್ನ ಆಸ್ತಿಯ ಗಡಿಯನ್ನು ಒಬ್ಬನು ಭದ್ರಪಡಿಸಿಕೊಳ್ಳುವುದು ತಪ್ಪೆಂದು ಯಾರೂ ಹೇಳಲಾರರು. ಆದರೆ ಸಾವಿರಾರು ಮಂದಿ ತಮ್ಮ ತಮ್ಮ ಮಟ್ಟಿಗೆ ಮಾಡಿಕೊಂಡ ಈ ಕೆಲಸವು ಒಟ್ಟಾಗಿ ನಾಡಿನ ಮೇಲೆ ಏನು ಪರಿಣಾಮವನ್ನುಂಟುಮಾಡಿದೆ ಎಂಬ ವಿಚಾರವು ನಮ್ಮ ಪಂಚಾಯತಿಗಳಲ್ಲಿಯಾಗಲಿ, ಕಚೇರಿಗಳಲ್ಲಿಯಾಗಲಿ ನಡೆಯಬೇಕಾದಷ್ಟು ನಡೆದಿಲ್ಲ. ಆ ವಿಚಾರಕ್ಕೆ ಪೀಠಿಕೆಯಾಗಿ ನಾಲ್ಕು ಮಾತುಗಳನ್ನು ಓದುಗರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲು ಈ ಭೂಮಿಯ ಸ್ವರೂಪವನ್ನು ನೆನೆಯಬೇಕು. ಪಡುವಣ ಕಡಲಿಗೂ ಮೂಡಣ ಘಟ್ಟಕ್ಕೂ ನಡುವೆ ಹಾಸಿದ ಇಕ್ಕಟ್ಟಿನ ಪಟ್ಟಿಯಿದು. ಬೈಂದೂರಿನ ಒತ್ತಿನೆಣೆಯಲ್ಲಂತೂ ಗುಡ್ಡವು ಕಡಲಿನ ಕಡೆಗೇ ಕಾಲು ಚಾಚಿದೆ. ಘಟ್ಟದ ಬುಡದಲ್ಲಿ ಮೂಕಾಂಬಿಕಾ ಮತ್ತು ಸೋಮೇಶ್ವರ ವನ್ಯಧಾಮಗಳಿವೆ. ಎರಡೂ ೧೯೭೪ರಲ್ಲಿ ಘೋಷಿತವಾದವು. ೨೦೧೧ರಲ್ಲಿ ಇವುಗಳ ಎಲ್ಲೆಗಳನ್ನು ಹಿಗ್ಗಿಸಲಾಗಿ, ಮೂಕಾಂಬಿಕೆಯದು ಸುಮಾರು ೩೭೦ ಚದರ ಕಿಲೋಮೀಟರು, ಸೋಮೇಶ್ವರದ್ದು ಸುಮಾರು ೩೧೪ ಚದರ ಕಿಲೋಮೀಟರು ಆಯಿತು. ಅದರ ಆಚೆಗೆ ೧೯೮೭ರಲ್ಲಿ ಘೋಷಿತವಾದ ಸುಮಾರು ೬೦೦ ಚದರ ಕಿಲೋಮೀಟರಿನ ಕುದುರೆಮುಖ ರಾಷ್ಟ್ರೀಯ ಉದ್ಯಾನವಿದೆ. ಸೌಪರ್ಣಿಕಾ, ಚಕ್ರಾ, ವಾರಾಹಿ, ಸೀತಾ ನದಿಗಳು ಈ ಕಾಡಿನ ಸೀಮೆಯಿಂದ ಇಳಿದು ಊರುಗಳ ನಡುವೆ ಹಾದು ಕಡಲನ್ನು ಸೇರುತ್ತವೆ. ನಕಾಶೆಯ ಮೇಲೆ ಕಾಡಿನ ಗೆರೆಯು ಎಲ್ಲಿಯೋ ಮುಗಿಯುತ್ತದೆ. ಆದರೆ ಹೊಳೆಯ ದಡದ ಹಸುರು, ತೋಡಿನ ಬದಿಯ ಕೇದಗೆಯ ಹಿಂಡಿಲು, ಊರೂರಿನ ಹಾಡಿ, ದೇವರಕಾಡು, ನಾಗಬನಗಳು ಒಂದಕ್ಕೊಂದು ಕೈಕೊಟ್ಟು ಕಾಡನ್ನು ಗದ್ದೆಯ ಬಾಗಿಲವರೆಗೂ ಕರೆತರುತ್ತವೆ. ಕಾಟಿ, ಕಡವೆ, ಕಾಡುಕುರಿ, ಹಂದಿ, ಮುಳ್ಳುಹಂದಿ, ಚಿಪ್ಪುಹಂದಿ, ಪುನುಗುಬೆಕ್ಕು, ಚಿರತೆ ಮೊದಲಾದವುಗಳು ನಡೆಯುವುದು ಈ ದಾರಿಯಲ್ಲಿಯೇ. ಮಾರ್ಚಿಯಿಂದ ಮೇ ತಿಂಗಳವರೆಗೆ ಮುರಕಲ್ಲಿನ ಪಾರೆಗಳು ಕಾದ ಬಾಣಲೆಯಂತಾದಾಗ ನೀರೆಂಬುದು ತಗ್ಗಿನ ತೋಡು ಗುಂಡಿಗಳಲ್ಲಿ ಮಾತ್ರ ಉಳಿಯುತ್ತದೆ. ಆಗ ಮೇಲಿನ ಜೀವಿಗಳು ಕೆಳಗಿಳಿಯದೆ ಗತ್ಯಂತರವಿಲ್ಲ.

ಇನ್ನು ಕೃಷಿಕನ ಮಾತಿಗೆ ಬರೋಣ. ಅವನ ದೂರನ್ನು ಹಗುರವಾಗಿ ಎಣಿಸುವವರು ಈ ವಿಷಯದಲ್ಲಿ ಮಾತನಾಡುವ ಅಧಿಕಾರವನ್ನು ಕಳೆದುಕೊಳ್ಳುತ್ತಾರೆ. ಸಿದ್ದಾಪುರ, ಅಮಾಸೆಬೈಲು, ಹೊಸಂಗಡಿ, ಜಡ್ಕಲ್, ಕೊಲ್ಲೂರಿನ ಕಡೆಗಳಲ್ಲಿ ತೆನೆ ಕಟ್ಟಿದ ಕಾರ್ತಿ ಬೆಳೆಯನ್ನು ಒಂದೇ ರಾತ್ರಿ ಹಂದಿಯ ಹಿಂಡು ಹೊರಳಾಡಿ ನೆಲಸಮ ಮಾಡಿದರೆ, ಆ ಒಕ್ಕಲಿಗನಿಗೆ ಆಗುವುದು ವರುಷದ ಅನ್ನದ ನಷ್ಟ. ನಾವುಂದ, ಕಿರಿಮಂಜೇಶ್ವರದ ಮರಳುನೆಲದ ನೆಲಗಡಲೆಗೆ ನವಿಲು, ಹಂದಿಗಳ ಕಾಟ. ತೆಂಗಿಗೆ ಮಂಗನ ಕಾಟ. ಎಳೆಯ ಅಡಿಕೆ ಬಾಳೆಗಳಿಗೆ ಕಾಟಿಯ ಕಾಟ. ಕಾವಲಿಗೆ ಆಳುಗಳಿಲ್ಲ, ಮಕ್ಕಳು ಬೆಂಗಳೂರು, ಮುಂಬಯಿ, ದುಬಾಯಿಗಳಲ್ಲಿದ್ದಾರೆ. ಮುದುಕ ಮುದುಕಿಯರು ರಾತ್ರಿಯಿಡೀ ಡಬ್ಬಿ ಬಡಿಯುತ್ತ ಕೂತಾರೆಯೆ? ಹೀಗೆ ಬೇಸತ್ತವರು ಗದ್ದೆಯನ್ನು ಹಡಿಲು ಬಿಡುತ್ತಾರೆ. ಹಡಿಲು ಬಿದ್ದ ಗದ್ದೆಯಲ್ಲಿ ಹಳು ಬೆಳೆಯುತ್ತದೆ. ಆ ಹಳುವಿನಲ್ಲಿ ಹಂದಿಯು ಮರಿ ಹಾಕುತ್ತದೆ. ಅದರಿಂದ ಪಕ್ಕದ ಗದ್ದೆಯವನೂ ಸೋಲುತ್ತಾನೆ. ೨೦೨೧ರಲ್ಲಿ ಉಡುಪಿ ಕ್ಷೇತ್ರದಲ್ಲಿ ಹಡಿಲು ಭೂಮಿಯಲ್ಲಿ ಮರಳಿ ಭತ್ತ ಬೆಳೆಯಿಸುವ ಆಂದೋಲನವು ನಡೆದದ್ದನ್ನು ಓದುಗರು ಬಲ್ಲರು. ಅಂತಹ ಉದ್ಯಮಗಳು ನೆಲೆಗೊಳ್ಳಬೇಕಾದರೆ ಬೆಳೆಯ ರಕ್ಷಣೆಯ ಪ್ರಶ್ನೆಯನ್ನು ಬಿಡಿಸಲೇಬೇಕು. ಬೇಲಿಯೇ ಬೇಡವೆನ್ನುವ ಉಪದೇಶವು ಆದಕಾರಣ ನಿರರ್ಥಕವಾದುದು. ಯಾವ ಬೇಲಿ, ಎಲ್ಲಿ, ಎಷ್ಟು ಕಾಲ ಎಂಬುದೇ ವಿಚಾರಾರ್ಹವಾದ ಪ್ರಶ್ನೆ.

ಈ ಸೀಮೆಯ ಜನರು ಹಂದಿಯನ್ನು ವೈರಿಯೆಂದು ಮಾತ್ರ ಕಂಡವರಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಬೆಳೆಯನ್ನು ತಿನ್ನುವ ಅದೇ ಹಂದಿಯನ್ನು ಪಂಜುರ್ಲಿಯೆಂದು ನಂಬಿ, ಕೋಲ ಕೊಟ್ಟು, ಬೆಳೆಯನ್ನು ಕಾಯೆಂದು ಬೇಡಿಕೊಂಡ ನಾಡಿದು. ನಮ್ಮ ದೊಡ್ಡ ಹೊಳೆಯ ಹೆಸರು ವಾರಾಹಿ. ನಷ್ಟವನ್ನು ತಡೆಯುವುದೂ, ನಷ್ಟ ಮಾಡುವ ಪ್ರಾಣಿಯ ಬದುಕನ್ನು ಮನ್ನಿಸುವುದೂ ಒಂದೇ ಮನೆಯಲ್ಲಿ ನಡೆದುಬಂದಿತ್ತು. ಹಳೆಯ ದರೆಯೂ ಅಗಳೂ ದನವನ್ನು ತಡೆಯುತ್ತಿದ್ದುವು, ಹಂದಿಯನ್ನು ನಿಧಾನಿಸುತ್ತಿದ್ದುವು, ಯಾವುದನ್ನೂ ಕೊಲ್ಲುತ್ತಿರಲಿಲ್ಲ. ಜನರು ದಾಟಲು ಬೇಲಿಯಲ್ಲಿ ತಡಮೆಯನ್ನು ಇಡುತ್ತಿದ್ದರು. ರಾತ್ರಿಯ ವೇಳೆ ಅದನ್ನೇ ಮೊಲವೂ ಮುಂಗುಸಿಯೂ ದಾಟುತ್ತಿದ್ದುವು. ಆ ಬೇಲಿಗಳು ಪರಿಪೂರ್ಣವಾಗಿದ್ದುವೆಂದು ನಾವು ಹೇಳುವುದಿಲ್ಲ. ಕಾವಲಿಗೆ ಜನರಿದ್ದುದರಿಂದಲೇ ಅವು ಸಾಕಾಗುತ್ತಿದ್ದುವು.

ಇಂದಿನ ಬೇಲಿಯು ವನ್ಯಜೀವಿಗಳಿಗೆ ಮೂರು ವಿಧವಾಗಿ ಹಾನಿಯನ್ನುಂಟುಮಾಡುತ್ತದೆ. ಮೊದಲನೆಯದು, ತಡೆಯುವುದು: ನೀರಿಗೂ ಮೇವಿಗೂ ಹೋಗುವ ದಾರಿಯು ಕಟ್ಟಿಹೋಗುತ್ತದೆ, ತಾಯಿ ದಾಟಿದರೂ ಮರಿ ಹಿಂದುಳಿಯುತ್ತದೆ, ದಾರಿ ಕಾಣದ ಪ್ರಾಣಿಯು ಬೇಲಿಯ ಉದ್ದಕ್ಕೂ ನಡೆದು ರಸ್ತೆಗೋ ಮನೆಯಂಗಳಕ್ಕೋ ಬಂದು ಬೀಳುತ್ತದೆ. ಎರಡನೆಯದು, ಸಿಕ್ಕಿಸುವುದು: ಹಾರುವ ಕಡವೆಯ ಹಿಂಗಾಲು ಮೇಲಿನ ಎರಡು ತಂತಿಗಳ ನಡುವೆ ತಿರುಚಿಕೊಳ್ಳುತ್ತದೆ, ಕತ್ತಲೆಯಲ್ಲಿ ಹಾರುವ ಬಾವಲಿ, ಗೂಬೆಗಳ ರೆಕ್ಕೆಯು ಮುಳ್ಳಿಗೆ ತಗಲಿ ಹರಿಯುತ್ತದೆ. ಮೂರನೆಯದು, ಕೊಲ್ಲುವುದು: ಇದಕ್ಕೆ ಉರುಳು ಮತ್ತು ವಿದ್ಯುತ್ತು ಸಾಧನಗಳಾಗಿವೆ.

ಮುಳ್ಳುತಂತಿಯು ನಮ್ಮ ದೇಶದಲ್ಲಿ ಹುಟ್ಟಿದ ವಸ್ತುವಲ್ಲ. ಅಮೆರಿಕೆಯ ಇಲಿನಾಯಿಸ್ ಪ್ರಾಂತದ ಕೃಷಿಕನಾದ ಜೋಸೆಫ್ ಗ್ಲಿಡನ್ನನು ೧೮೭೪ರಲ್ಲಿ ಅದರ ಹಕ್ಕುಪತ್ರವನ್ನು ಪಡೆದನು. ಮರವಿಲ್ಲದ ಬಯಲುಗಳಲ್ಲಿ ದನಗಳನ್ನು ತಡೆಯಲು ಹುಟ್ಟಿದ ಆ ತಂತಿಯು ಕೆಲವೇ ದಶಕಗಳಲ್ಲಿ ಬೋಯರ್ ಯುದ್ಧದ ಬಂದಿಶಿಬಿರಗಳಿಗೂ, ಮೊದಲನೆಯ ಮಹಾಯುದ್ಧದ ಕಂದಕಗಳಿಗೂ ಏರಿತು. ಅದು ಹುಟ್ಟಿದ ನಾಡಿನಲ್ಲಿಯೇ ಇಂದು ಅದರ ದೋಷಗಳನ್ನು ಲೆಕ್ಕವಿಟ್ಟು ತೋರಿಸಿದ್ದಾರೆ. ಯೂಟಾ ಮತ್ತು ಕೊಲರಾಡೊ ಪ್ರಾಂತಗಳಲ್ಲಿ ಬೇಲಿಗಳ ಉದ್ದಕ್ಕೂ ಪರೀಕ್ಷೆ ನಡೆಸಿ ೨೦೦೬ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಂತೆ, ಪ್ರತಿ ಎರಡೂವರೆ ಮೈಲಿ ಬೇಲಿಗೆ ವರುಷಕ್ಕೆ ಒಂದರಂತೆ ಜಿಂಕೆಯ ಜಾತಿಯ ದೊಡ್ಡ ಪ್ರಾಣಿಯು ತಂತಿಗೆ ಸಿಕ್ಕಿ ಸತ್ತಿತ್ತು. ಆಫ್ರಿಕೆಯ ಬೋತ್ಸ್ವಾನಾ ದೇಶದಲ್ಲಿ ದನಗಳ ಕಾಲುಬಾಯಿ ರೋಗವನ್ನು ತಡೆಯುವುದಕ್ಕಾಗಿ ೧೯೫೮ರಲ್ಲಿ ಕುಕೆ ಎಂಬ ಬೇಲಿಯನ್ನು ಕಟ್ಟಿದರು. ೧೯೮೦ರ ದಶಕದ ಮೊದಲ ವರುಷಗಳ ಕ್ಷಾಮದಲ್ಲಿ ನೀರನ್ನು ಹುಡುಕಿ ಹೊರಟ ವೈಲ್ಡ್‌ಬೀಸ್ಟ್ ಎಂಬ ಪ್ರಾಣಿಗಳು ಬೇಲಿಗಳಿಂದ ದಾರಿಗೆಟ್ಟು ಹತ್ತಾರು ಸಾವಿರ ಸಂಖ್ಯೆಯಲ್ಲಿ ನಾಶವಾದುವು. ಬೇಲಿಯನ್ನು ಕಟ್ಟಿದವರ ಉದ್ದೇಶವು ಕೆಟ್ಟದ್ದಾಗಿರಲಿಲ್ಲ. ಆದರೆ ಬರಗಾಲದ ವರುಷದಲ್ಲಿ ಪ್ರಾಣಿಯು ಎಲ್ಲಿಗೆ ಹೋಗುವುದೆಂಬುದನ್ನು ಅವರು ಕೇಳಿಕೊಂಡಿರಲಿಲ್ಲ.

ದೂರದ ಮಾತು ಹಾಗಿರಲಿ. ನಮ್ಮ ರಾಜ್ಯದಲ್ಲಿಯೇ ಆನೆಗಳನ್ನು ತಡೆಯಲು ಹಳೆಯ ರೈಲುಕಂಬಿಗಳ ಬೇಲಿಯನ್ನು ನಾಗರಹೊಳೆಯ ಅಂಚಿನಲ್ಲಿ ಕಟ್ಟಿದರು. ಅದರಿಂದ ಎಷ್ಟೋ ಊರುಗಳಿಗೆ ನೆಮ್ಮದಿಯಾದುದು ನಿಜ. ಆದರೆ ೨೦೧೮ರ ಡಿಸೆಂಬರಿನಲ್ಲಿ ವೀರನಹೊಸಹಳ್ಳಿಯ ಬಳಿ ಆ ಕಂಬಿಯನ್ನು ದಾಟಹೋದ ಗಂಡಾನೆಯೊಂದು ಅದರ ಮೇಲೆಯೇ ಸಿಕ್ಕಿ ಪ್ರಾಣಬಿಟ್ಟಿತು. ಬೇಲಿ ಎಷ್ಟು ಬಲವಾದರೂ ಅದನ್ನು ಪರೀಕ್ಷಿಸುವ ಪ್ರಾಣಿಯೊಂದು ಇದ್ದೇ ಇರುತ್ತದೆ. ಆ ಪರೀಕ್ಷೆಯಲ್ಲಿ ಅದು ಸಾಯದೆ ಹಿಂದಿರುಗುವಂತೆ ರಚನೆ ಇರಬೇಕೆಂಬುದು ಇದರಿಂದ ಕಲಿಯತಕ್ಕ ಪಾಠ.

ನಮ್ಮ ಕರಾವಳಿಯ ದೊಡ್ಡ ಕೇಡುಗಳೆಂದರೆ ಉರುಳು ಮತ್ತು ಮನೆಯ ವಿದ್ಯುತ್ತು. ಬೇಲಿಯ ಸಂದಿಯಲ್ಲಿ ಹಂದಿಗೆಂದು ಹಳೆಯ ಸೈಕಲ್ ಅಥವಾ ಮೋಟಾರು ಸೈಕಲ್ಲಿನ ತಂತಿಯ ಉರುಳನ್ನು ಒಡ್ಡುತ್ತಾರೆ. ಉರುಳಿಗೆ ಹಂದಿಯಾವುದು, ಚಿರತೆಯಾವುದು ಎಂಬ ವಿವೇಕವಿಲ್ಲ. ಸೊಂಟಕ್ಕೆ ಉರುಳು ಬಿಗಿದ ಚಿರತೆಯು ಬಿಡಿಸಿಕೊಳ್ಳಲು ಹೆಣಗಿದಷ್ಟೂ ತಂತಿಯು ಮಾಂಸದೊಳಗೆ ಇಳಿಯುತ್ತದೆ. ಹಾಗೆ ಸಿಕ್ಕಿದ ಚಿರತೆಯ ಬಳಿಗೆ ಊರ ಜನರು ಗುಂಪುಗೂಡಿ ಹೋಗುವುದು ಎಷ್ಟು ಅಪಾಯಕರವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಉರುಳೊಡ್ಡುವುದೂ ಬೇಟೆಯೇ ಆಗಿದೆ. ಚಿರತೆಯಂತಹ ಮೊದಲನೆಯ ಪಟ್ಟಿಯ ಪ್ರಾಣಿಯು ಸಿಕ್ಕಿದರೆ ಮೂರರಿಂದ ಏಳು ವರುಷಗಳವರೆಗೆ ಸೆರೆಮನೆಯ ಶಿಕ್ಷೆಯುಂಟು. ಹಂದಿಗೆಂದು ಇಟ್ಟೆನು ಎಂಬ ಸಮಾಧಾನವು ಅಲ್ಲಿ ನಡೆಯದು.

ವಿದ್ಯುತ್ತಿನ ವಿಷಯವು ಇನ್ನೂ ಗಂಭೀರವಾದುದು. ಸೌರಬೇಲಿಗೂ, ಮನೆಯ ತಂತಿಯಿಂದ ಕರೆಂಟು ಹಾಯಿಸಿದ ಬೇಲಿಗೂ ಇರುವ ಭೇದವನ್ನು ಅನೇಕರು ಅರಿಯರು. ಸೌರಬೇಲಿಯಲ್ಲಿ ಸಾಮಾನ್ಯವಾಗಿ ೧೨ ವೋಲ್ಟಿನ ಬ್ಯಾಟರಿಯಿಂದ ಒಂದು ಯಂತ್ರವು ಕೆಲವು ಸಾವಿರ ವೋಲ್ಟಿನ ಅತಿ ಸಣ್ಣ ಮಿಡಿತವನ್ನು ಬೇಲಿಗೆ ಕಳುಹಿಸುತ್ತದೆ. ಅಂತರರಾಷ್ಟ್ರೀಯ ಪ್ರಮಾಣದಂತೆ ಮಿಡಿತಗಳು ಸೆಕೆಂಡಿಗೆ ಒಂದಕ್ಕಿಂತ ಹೆಚ್ಚಿರಕೂಡದು. ಒಂದೊಂದರಲ್ಲಿಯೂ ಇರುವ ಶಕ್ತಿಯು ೫ ಜೌಲನ್ನು ಮೀರಕೂಡದು. ಮುಟ್ಟಿದ ಪ್ರಾಣಿಯು ಬೆಚ್ಚಿ ಹಿಂದೆ ಸರಿಯುತ್ತದೆ. ಎರಡು ಮಿಡಿತಗಳ ನಡುವಿನ ಬಿಡುವಿನಲ್ಲಿ ಅದಕ್ಕೆ ಪಾರಾಗಲು ಅವಕಾಶವಿದೆ. ಮನೆಯ ವಿದ್ಯುತ್ತಾದರೋ ೨೩೦ ವೋಲ್ಟಿನದಾಗಿದ್ದು ಎಡೆಬಿಡದೆ ಹರಿಯುತ್ತಿರುತ್ತದೆ. ಅದನ್ನು ಮುಟ್ಟಿದವರ ಸ್ನಾಯುಗಳು ಬಿಗಿದುಕೊಂಡು ಕೈ ಬಿಡಿಸಿಕೊಳ್ಳಲಾಗುವುದಿಲ್ಲ. ಮಳೆಗಾಲದ ಒದ್ದೆ ನೆಲದಲ್ಲಿ ಇದಕ್ಕೆ ಸಿಕ್ಕಿದವರು ಉಳಿಯುವುದು ದುರ್ಲಭ. ಇಂತಹ ತಂತಿಗೆ ಕಾಟಿ ಹಂದಿಗಳು ಮಾತ್ರ ಬಲಿಯಾಗುವುದಿಲ್ಲ. ಬೆಳಗಿನ ಜಾವ ನೀರು ಕಟ್ಟಲು ಹೋದ ನೆರೆಯವನೂ, ಹುಲ್ಲಿಗೆ ಹೋದ ಹೆಂಗಸೂ, ಕೆಲವೊಮ್ಮೆ ತಂತಿ ಕಟ್ಟಿದವನೇ ಸಾಯುತ್ತಾರೆ. ೨೦೦೩ರ ವಿದ್ಯುಚ್ಛಕ್ತಿ ಕಾಯಿದೆಯಲ್ಲಿ ವಿದ್ಯುತ್ತಿನ ಕಳವಿಗೆ ಮೂರು ವರುಷಗಳವರೆಗೆ ಶಿಕ್ಷೆಯುಂಟು. ಪ್ರಾಣಹಾನಿಯಾದರೆ ಅದರ ಮೇಲೆ ಬರುವ ಆಪಾದನೆಯು ಬೇರೆ. ಒಂದು ಮುಡಿ ಅಕ್ಕಿಯನ್ನು ಉಳಿಸಹೋಗಿ ಒಂದು ಕುಟುಂಬದ ಯಜಮಾನನನ್ನು ಕಳೆದುಕೊಳ್ಳುವ ಬೇಲಿಗೆ ಬೇಲಿಯೆಂಬ ಹೆಸರು ಸಲ್ಲದು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಗೆ ಇದಕ್ಕಿಂತ ದಾರುಣವಾದ ಅರ್ಥವುಂಟೆ?

ಮೀನುಗಾರಿಕೆಯ ಊರುಗಳಾದ ಗಂಗೊಳ್ಳಿ, ಮರವಂತೆ, ಕೋಡಿ ಮೊದಲಾದ ಕಡೆಗಳಲ್ಲಿ ಹಳೆಯ ನೈಲಾನು ಬಲೆಯನ್ನು ತರಕಾರಿಯ ಹಿತ್ತಲಿಗೆ ಸುತ್ತುವ ರೂಢಿಯೂ ಉಂಟು. ಖರ್ಚಿಲ್ಲದ ಉಪಾಯವೆಂದು ಎಲ್ಲರೂ ಮೆಚ್ಚುವುದು ಸಹಜ. ಆದರೆ ಬಲೆಯ ಅಂಚನ್ನು ನೆಲಕ್ಕೆ ಹಾಸಿಬಿಟ್ಟರೆ ಇಲಿಯನ್ನು ಹುಡುಕಿ ಬಂದ ಕೇರೆಹಾವು, ನಾಗರಹಾವು, ಉಡಗಳು ಕಣ್ಣಿಗೆ ತಲೆ ತೂರಿಸಿ ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಬರಲಾರದೆ ಬಿಸಿಲಿನಲ್ಲಿ ಬೇಯುತ್ತವೆ. ಇಲಿಯನ್ನು ತಿನ್ನುವ ಹಾವನ್ನು ಕೊಂದು ಇಲಿಯನ್ನು ಸಾಕಿದಂತಾಯಿತು. ನಾಗನಿಗೆ ತನು ಎರೆಯುವ ನಾಡಿನಲ್ಲಿ ಬಲೆಯನ್ನು ನೆಲದಿಂದ ಒಂದು ಗೇಣು ಮೇಲಕ್ಕೆ ಎತ್ತಿ ಬಿಗಿಯಾಗಿ ಕಟ್ಟುವಷ್ಟು ಎಚ್ಚರವನ್ನು ಕೇಳುವುದು ಹೆಚ್ಚಿನ ಬೇಡಿಕೆಯಾಗಲಾರದು.

ಈಗ ಪರಿಹಾರದ ಮಾತು. ನಮ್ಮ ಮತದಲ್ಲಿ ಎಲ್ಲಕ್ಕೂ ಮೂಲವಾದ ತತ್ತ್ವವು ಒಂದೇ: ಗಡಿಯ ಬೇಲಿ ಬೇರೆ, ಬೆಳೆಯ ಬೇಲಿ ಬೇರೆ. ಗಡಿಯ ಬೇಲಿಯ ಕೆಲಸವು ಆಸ್ತಿಯ ಗುರುತನ್ನು ಹೇಳುವುದು, ನೆರೆಯವರ ದನವನ್ನು ತಡೆಯುವುದು. ಇದು ಕಾಡುಪ್ರಾಣಿ ದಾಟಬಹುದಾದಂತೆ ಇರಬೇಕು. ಬೆಳೆಯ ಬೇಲಿಯ ಕೆಲಸವು ಹಂದಿಯನ್ನು ಗದ್ದೆಯಿಂದ ಹೊರಗಿಡುವುದು; ಇದು ಬಿಗಿಯಾಗಿರಬೇಕು, ಆದರೆ ಬೆಳೆಯಿರುವ ಜಾಗವನ್ನು ಮಾತ್ರ, ಬೆಳೆಯಿರುವ ಕಾಲದಲ್ಲಿ ಮಾತ್ರ ಸುತ್ತಬೇಕು. ಇಂದು ಈ ಎರಡು ಕೆಲಸಗಳನ್ನು ಒಂದೇ ಬೇಲಿಯಿಂದ ಮಾಡಿಸಹೋಗಿ ನಾವು ಕೆಟ್ಟಿದ್ದೇವೆ. ಒಂದು ಎಕರೆ ಗದ್ದೆಯನ್ನು ಕಾಯಲು ಐದು ಎಕರೆ ಹಾಡಿಯನ್ನೂ ಕುಮ್ಕಿಯನ್ನೂ ಸೇರಿಸಿ ತಂತಿ ಸುತ್ತುತ್ತಾರೆ. ಖರ್ಚು ಹೆಚ್ಚು, ಉಸ್ತುವಾರಿ ಕಷ್ಟ. ತಂತಿ ಎಲ್ಲಿ ಹರಿದಿದೆಯೆಂಬುದೇ ತಿಳಿಯುವುದಿಲ್ಲ. ಕೊನೆಗೆ ಹಂದಿಯು ಒಳಗೂ ಕಡವೆಯು ಹೊರಗೂ ಉಳಿಯುತ್ತದೆ. ಕುಮ್ಕಿಯೆಂಬುದು ವರ್ಗದ ಭೂಮಿಯ ಸುತ್ತಣ ಸರಕಾರಿ ಜಮೀನಿನಲ್ಲಿ ಸೊಪ್ಪು, ಸೌದೆ, ಮೇವುಗಳಿಗಾಗಿ ಒಕ್ಕಲಿಗನಿಗೆ ಹಿಂದಿನಿಂದ ಬಂದ ಸೌಲಭ್ಯ. ಅದನ್ನು ಬಿಗಿಯಾದ ಬೇಲಿಯಿಂದ ಮುಚ್ಚುವುದು ಆ ಸೌಲಭ್ಯದ ಆಶಯಕ್ಕೆ ಒಪ್ಪುವ ಮಾತೂ ಅಲ್ಲ.

ಗಡಿಯ ಬೇಲಿಗೆ ತಂತಿಯೇ ಬೇಕೆನ್ನುವವರು ಅದರ ರಚನೆಯನ್ನು ತುಸು ತಿದ್ದಿಕೊಂಡರೆ ಸಾಕು. ಅಮೆರಿಕೆಯ ಪಶ್ಚಿಮ ಪ್ರಾಂತಗಳಲ್ಲಿ ವನ್ಯಜೀವಿಗಳಿಗೆ ಅನುಕೂಲವಾದ ಬೇಲಿಗೆ ಗೊತ್ತುಮಾಡಿರುವ ಅಳತೆಗಳು ಹೀಗಿವೆ: ಕೆಳಗಿನ ತಂತಿಯು ನೆಲದಿಂದ ೧೬ರಿಂದ ೧೮ ಅಂಗುಲ ಮೇಲಿದ್ದು ಮುಳ್ಳಿಲ್ಲದ್ದಾಗಿರಬೇಕು; ಮೇಲಿನ ತಂತಿಯು ೪೦ರಿಂದ ೪೨ ಅಂಗುಲಕ್ಕಿಂತ ಎತ್ತರವಿರಬಾರದು, ಅದೂ ಮುಳ್ಳಿಲ್ಲದ್ದಾದರೆ ಉತ್ತಮ; ಮೇಲಿನ ಎರಡು ತಂತಿಗಳ ನಡುವೆ ೧೨ ಅಂಗುಲದ ಅಂತರವಿರಬೇಕು. ಸಣ್ಣ ಪ್ರಾಣಿಯೂ ಮರಿಯೂ ಅಡಿಯಿಂದ ನುಸುಳುವುದಕ್ಕೆ ಮೊದಲನೆಯದು. ದೊಡ್ಡದು ಮೇಲಿನಿಂದ ಹಾರುವುದಕ್ಕೆ ಎರಡನೆಯದು. ಹಾರುವಾಗ ಹಿಂಗಾಲು ತಿರುಚಿಕೊಳ್ಳದಿರುವುದಕ್ಕೆ ಮೂರನೆಯದು. ಈ ಅಳತೆಗಳು ಅಲ್ಲಿಯ ಜಿಂಕೆಗಳನ್ನು ಕಂಡು ಮಾಡಿದವುಗಳು. ನಮ್ಮ ಕಾಡುಕುರಿ, ಕಡವೆ, ಚಿಪ್ಪುಹಂದಿಗಳಿಗೆ ತಕ್ಕಂತೆ ಇವನ್ನು ಪರೀಕ್ಷಿಸಿ ತಿದ್ದಿಕೊಳ್ಳಬೇಕು. ಆದರೆ ಅಡಿಯಲ್ಲಿ ಸಂದಿ, ಮೇಲೆ ನುಣುಪು, ನಡುವೆ ಅಂತರ ಎಂಬ ಮೂರು ಸೂತ್ರಗಳು ಎಲ್ಲಿಯೂ ಸಲ್ಲತಕ್ಕವು. ಮೇಲಿನ ತಂತಿಗೆ ಅಲ್ಲಲ್ಲಿ ಬಿಳಿಯ ಬಟ್ಟೆಯ ತುಂಡನ್ನೋ ತಗಡಿನ ಚೂರನ್ನೋ ಕಟ್ಟಿದರೆ ಕತ್ತಲೆಯಲ್ಲಿ ಹಕ್ಕಿಗೂ ಮೃಗಕ್ಕೂ ಬೇಲಿಯು ಕಾಣಿಸುತ್ತದೆ. ಕಲ್ಲಿನ ಗೋಡೆಯನ್ನು ಕಟ್ಟುವವರು ಅದರ ಬುಡದಲ್ಲಿ ನೀರು ಹರಿಯಲು ಬಿಡುವ ಕಂಡಿಯನ್ನೇ ಸ್ವಲ್ಪ ಅಗಲವಾಗಿ ಬಿಟ್ಟರೆ ಆಮೆ, ಮುಂಗುಸಿ, ಮೊಲಗಳಿಗೆ ದಾರಿಯಾಗುತ್ತದೆ. ಆಷಾಢದ ಮಳೆಗೆ ಗೋಡೆಯೂ ಉಳಿಯುತ್ತದೆ.

ತಂತಿಗಿಂತಲೂ ಉತ್ತಮವಾದುದು ಗಿಡಬೇಲಿ. ಈ ಮಾತಿಗೆ ನಮ್ಮ ದೇಶದ ಇತಿಹಾಸದಲ್ಲಿ ಒಂದು ವಿಚಿತ್ರವಾದ ನಿದರ್ಶನವಿದೆ. ಉಪ್ಪಿನ ಸುಂಕವನ್ನು ವಸೂಲು ಮಾಡುವ ಸಲುವಾಗಿ ಆಂಗ್ಲ ಸರಕಾರವು ಹಿಂದುಸ್ಥಾನದ ನಡುವೆ ಒಂದು ಸುಂಕದ ಗೆರೆಯನ್ನೆಳೆದಿತ್ತು. ೧೮೬೯ರಲ್ಲಿ ಅದರ ಉದ್ದವು ೨,೩೦೦ ಮೈಲಿ. ಕಾವಲಿನ ಜನರು ಸುಮಾರು ೧೨,೦೦೦. ಅದರ ಬಹುಭಾಗವು ಮುಳ್ಳಿನ ಬೇಲಿಯಾಗಿತ್ತು. ೧೮೬೭ರಿಂದ ೧೮೭೦ರವರೆಗೆ ಅದರ ಮುಖ್ಯಾಧಿಕಾರಿಯಾಗಿದ್ದವನು, ಮುಂದೆ ೧೮೮೫ರಲ್ಲಿ ಕಾಂಗ್ರೆಸ್ಸನ್ನು ಸ್ಥಾಪಿಸಿದವರಲ್ಲಿ ಮುಖ್ಯನಾದ ಅಲನ್ ಆಕ್ಟೇವಿಯನ್ ಹ್ಯೂಮನು. ಒಣಮುಳ್ಳಿನ ಬೇಲಿಯನ್ನು ವರುಷ ವರುಷವೂ ಹೊಸದಾಗಿ ಒಟ್ಟುವುದು ವ್ಯರ್ಥವೆಂದು ಕಂಡು, ಆಯಾ ಸೀಮೆಯ ಮಣ್ಣು ಮಳೆಗಳಿಗೆ ಒಗ್ಗುವ ದೇಶೀ ಗಿಡಗಳನ್ನು ಪರೀಕ್ಷಿಸಿ ನೆಡಿಸಿದವನು ಅವನು. ಪ್ರಜೆಗಳ ಬಾಯಿಯ ಉಪ್ಪನ್ನು ತಡೆದ ಆ ಬೇಲಿಯು ೧೮೭೯ರಲ್ಲಿ ರದ್ದಾದದ್ದು ನ್ಯಾಯವೇ. ಆದರೆ ಆಯಾ ನೆಲದ ಗಿಡವೇ ಆಯಾ ನೆಲದ ಬೇಲಿಯೆಂಬ ಆ ಅನುಭವವು ಇಂದಿಗೂ ಬೆಲೆಯುಳ್ಳದ್ದು. ನಮ್ಮಲ್ಲಿ ಮುರಕಲ್ಲಿನ ಮೇಲುನೆಲಕ್ಕೆ ಲಕ್ಕಿ, ಕವಳೆ, ಆಡುಸೋಗೆ. ತೋಡಿನ ಬದಿಗೂ ಕಡಲಿನ ಮರಳಿಗೂ ಕೇದಗೆ. ಗದ್ದೆಯ ಅಂಚಿಗೆ ಗ್ಲಿರಿಸಿಡಿಯಾ ಒಗ್ಗುತ್ತವೆ. ಗ್ಲಿರಿಸಿಡಿಯಾದ ಸೊಪ್ಪು ಗದ್ದೆಗೆ ಗೊಬ್ಬರವಾದರೆ, ಲಕ್ಕಿಯ ಸೊಪ್ಪು ಧಾನ್ಯಕ್ಕೆ ಹುಳು ಹಿಡಿಯದಂತೆ ಕಾಯುತ್ತದೆ. ಕವಳೆಯ ಹಣ್ಣು ಮಕ್ಕಳಿಗೂ ಹಕ್ಕಿಗಳಿಗೂ ಆಗುತ್ತದೆ. ಕಬ್ಬಿಣದ ತಂತಿಯು ನಮ್ಮ ಉಪ್ಪುಗಾಳಿಗೆ ಬಹುಬೇಗ ತುಕ್ಕು ಹಿಡಿಯುತ್ತದೆ. ಗಿಡಬೇಲಿಯು ವರುಷ ಹೋದಂತೆಲ್ಲ ಬಲಿಯುತ್ತದೆ.

ಬೆಳೆಯ ಬೇಲಿಗೆ ಸದ್ಯಕ್ಕೆ ಸೌರಬೇಲಿಯೇ ತಕ್ಕ ಸಾಧನವೆಂದು ನಮಗೆ ತೋರುತ್ತದೆ. ಆದರೆ ಅದನ್ನು ಹಾಕಿಸಿಬಿಟ್ಟರೆ ಕೆಲಸ ಮುಗಿಯಲಿಲ್ಲ. ವರುಷಕ್ಕೆ ಸುಮಾರು ನಾಲ್ಕು ಸಾವಿರ ಮಿಲ್ಲಿಮೀಟರು ಮಳೆ ಬೀಳುವ ಈ ಜಿಲ್ಲೆಯಲ್ಲಿ ಹಳು ಬೆಳೆದು ತಂತಿಯನ್ನು ಮುಟ್ಟಿದೊಡನೆ ವಿದ್ಯುತ್ತು ನೆಲಕ್ಕೆ ಸೋರಿಹೋಗುತ್ತದೆ. ಹಂದಿಗೆ ಅದು ಬೇಗನೆ ತಿಳಿಯುತ್ತದೆ. ಆದುದರಿಂದ ಬೇಲಿಯು ಚಿಕ್ಕದಾಗಿದ್ದಷ್ಟೂ ಅದನ್ನು ಸವರಿ ಇಡುವುದು ಸುಲಭ. ಇನ್ನೊಂದು ಎಚ್ಚರವೂ ಬೇಕು. ನೆಲಕ್ಕೆ ತೀರ ಸಮೀಪವಾದ ವಿದ್ಯುತ್ತಂತಿಯಿಂದ ಚಿಪ್ಪುಹಂದಿ ಆಮೆಗಳಿಗೆ ಅಪಾಯವಿದೆ. ಅವು ಹೆದರಿದಾಗ ಓಡುವುದಿಲ್ಲ. ಚಿಪ್ಪುಹಂದಿಯು ಸುರುಳಿ ಸುತ್ತಿಕೊಳ್ಳುತ್ತದೆ, ಆಮೆಯು ಒಳಕ್ಕೆ ಸೆಳೆದುಕೊಳ್ಳುತ್ತದೆ. ತಂತಿಯನ್ನು ಮುಟ್ಟಿ ಹಾಗೆ ನಿಂತರೆ ಮಿಡಿತದ ಮೇಲೆ ಮಿಡಿತ ತಗಲಿ ಸಾಯುತ್ತವೆ. ದಕ್ಷಿಣ ಆಫ್ರಿಕೆಯಲ್ಲಿ ಹೀಗೆ ಸತ್ತ ಚಿಪ್ಪುಹಂದಿಗಳು ಬಹಳ. ಹಂದಿಯನ್ನು ತಡೆಯಲು ಕೆಳತಂತಿಯು ಬೇಕೇಬೇಕಾದರೆ ಅದನ್ನು ತೆನೆ ಕಟ್ಟುವ ವಾರಗಳಲ್ಲಿ, ಕತ್ತಲಾದ ಮೇಲೆ ಮಾತ್ರ ಚಾಲೂ ಮಾಡಿ, ಬೆಳಿಗ್ಗೆ ಒಮ್ಮೆ ಬೇಲಿಯನ್ನು ಸುತ್ತಿ ನೋಡಬೇಕು. ಹಳೆಯ ದರೆಯಿರುವ ಕಡೆ ತಂತಿಯನ್ನು ದರೆಯ ಮೇಲೆ ಏರಿಸಬೇಕು. ಕಾರ್ತಿ ಕೊಯ್ದ ಮೇಲೆ ಸುಗ್ಗಿಯ ಬೆಳೆ ಇಲ್ಲದ ಗದ್ದೆಗೆ ಬೇಲಿಯೇಕೆ? ತಂತಿಯನ್ನು ಸುತ್ತಿ ಅಟ್ಟದ ಮೇಲಿಡಬಹುದು. ಒಂದು ಬೈಲಿನ ಹತ್ತು ಮನೆಯವರು ಸೇರಿ ಇಡೀ ಬೈಲಿಗೆ ಒಂದೇ ಬೇಲಿಯನ್ನು ಹಾಕಿದರೆ ಹತ್ತು ಬೇಲಿಗಳ ಉದ್ದವು ಎಷ್ಟೋ ಇಳಿಯುತ್ತದೆ. ಬೈಲಿಗೂ ಬೈಲಿಗೂ ನಡುವೆ ಹಾಡಿಯ ದಾರಿಯು ತೆರೆದಿರುತ್ತದೆ. ಸವರುವ ಕೆಲಸವು ಸರದಿಯ ಮೇಲೆ ನಡೆಯುತ್ತದೆ. ಮಂಗನನ್ನು ಮಾತ್ರ ಯಾವ ಬೇಲಿಯೂ ತಡೆಯದೆಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಅದಕ್ಕೆ ಬೇರೆ ಉಪಾಯ ಬೇಕು.

ಬೇಲಿಯೆಂದು ಕರೆಯದಿದ್ದರೂ ಬೇಲಿಯಾಗಿ ನಿಂತ ವಸ್ತುಗಳು ಇನ್ನೂ ಕೆಲವಿವೆ. ೧೯೯೮ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲುದಾರಿಯೂ, ಚತುಷ್ಪಥವಾದ ೬೬ನೆಯ ರಾಷ್ಟ್ರೀಯ ಹೆದ್ದಾರಿಯೂ ಈ ಮೂರು ತಾಲೂಕುಗಳನ್ನು ಬಡಗಿನಿಂದ ತೆಂಕಿಗೆ ಸೀಳಿವೆ. ೧೯೭೯ರಲ್ಲಿ ಮಂಜೂರಾದ ವಾರಾಹಿ ನೀರಾವರಿ ಯೋಜನೆಯ ಕಾಲುವೆಯು ಸಿದ್ದಾಪುರದ ಕಡೆಯಿಂದ ಹೊರಟು ಊರುಗಳ ನಡುವೆ ಹರಿಯುತ್ತಿದೆ. ನೀರು ಬಂದುದು ರೈತನ ಭಾಗ್ಯ. ಆದರೆ ನುಣುಪಾದ ಕಾಂಕ್ರೀಟಿನ ಇಳುಕಲುಳ್ಳ ಕಾಲುವೆಗೆ ಬಿದ್ದ ಪ್ರಾಣಿಗಾಗಲಿ, ಹಸುವಿಗಾಗಲಿ, ಮಗುವಿಗಾಗಲಿ ಮೇಲಕ್ಕೇರಲು ಹಿಡಿತವಿರುವುದಿಲ್ಲ. ಅಲ್ಲಲ್ಲಿ ಒರಟಾದ ಏರುದಾರಿಯನ್ನೂ, ಹಾಡಿಯು ಎರಡೂ ಬದಿಗೆ ಬಂದು ಮುಟ್ಟುವ ಕಡೆಗಳಲ್ಲಿ ಮಣ್ಣು ಹೊದಿಸಿದ ಅಗಲವಾದ ಸಂಕವನ್ನೂ ಒದಗಿಸುವುದು ಇಂಜಿನಿಯರರಿಗೆ ದೊಡ್ಡ ಮಾತಲ್ಲ. ಕಟ್ಟೆಯಿಲ್ಲದ ಬಾವಿಗಳಿಗೆ ಚಿರತೆಗಳು ಬೀಳುವ ವಾರ್ತೆಯು ಈ ಜಿಲ್ಲೆಯಿಂದ ಬರುತ್ತಲೇ ಇರುತ್ತದೆ. ಮನೆಯ ಸುತ್ತ ಲಕ್ಷಗಟ್ಟಲೆ ರೂಪಾಯಿಯ ಗೋಡೆಯನ್ನು ಕಟ್ಟಿದವನು ಹಿತ್ತಲ ಬಾವಿಗೆ ಎರಡಡಿಯ ಕಟ್ಟೆಯನ್ನು ಕಟ್ಟದಿರುವುದು ಯಾವ ಆರ್ಥಿಕ ಜ್ಞಾನವೋ ನಮಗೆ ತಿಳಿಯದು.

ಇಲ್ಲಿ ಅಧಿಕಾರಿವರ್ಗದವರಲ್ಲಿ ನಮ್ಮ ವಿಜ್ಞಾಪನೆಗಳಿವೆ. ಸೌರಬೇಲಿಗೆ ಸರಕಾರವು ಸಹಾಯಧನವನ್ನು ಕೊಡುತ್ತಿದೆ. ಆ ಹಣಕ್ಕೆ ರಚನೆಯ ನಿಯಮವನ್ನು ಜೋಡಿಸಬೇಕು. ಬೆಳೆಯ ಗದ್ದೆಗೆ ಮಾತ್ರ ಬೇಲಿ, ಸಾಮೂಹಿಕ ಬೇಲಿಗೆ ಮೊದಲ ಪ್ರಾಶಸ್ತ್ಯ, ಪ್ರಮಾಣಿತ ಯಂತ್ರದ ಹೊರತು ಬೇರೆಯದಕ್ಕೆ ಹಣವಿಲ್ಲ ಎಂಬಿಷ್ಟು ಸಾಕು. ಬ್ರಹ್ಮಾವರದಲ್ಲಿ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವೂ ಕೃಷಿ ವಿಜ್ಞಾನ ಕೇಂದ್ರವೂ ಇವೆ. ಆ ಆವರಣದಲ್ಲಿಯೇ ಗಡಿಯ ಬೇಲಿ, ಗಿಡಬೇಲಿ, ಬೆಳೆಯ ಬೇಲಿಗಳ ಮಾದರಿಗಳನ್ನು ಕಟ್ಟಿ ರೈತರಿಗೆ ತೋರಿಸಿದರೆ ನೂರು ಕರಪತ್ರಗಳ ಕೆಲಸವಾಗುತ್ತದೆ. ಮೆಸ್ಕಾಂ ನೌಕರರು ಕೊಯ್ಲಿಗೆ ಮುಂಚಿನ ವಾರಗಳಲ್ಲಿ ಗದ್ದೆಯ ಬದಿಯ ತಂತಿಗಳನ್ನು ಪರೀಕ್ಷಿಸಬೇಕು. ಸತ್ತ ಮೇಲೆ ಪಂಚನಾಮೆ ಬರೆಯುವುದಕ್ಕಿಂತ ಇದು ಮೇಲು. ಅರಣ್ಯ ಇಲಾಖೆಯವರು ಹೊಳೆ ತೋಡುಗಳ ಅಂಚಿನಲ್ಲಿ ಪ್ರಾಣಿಗಳು ನಡೆಯುವ ದಾರಿಗಳನ್ನು ಗ್ರಾಮವಾರು ಗುರುತಿಸಿ ಪಂಚಾಯತಿಗೆ ಕೊಡಬೇಕು. ಅಲ್ಲಿ ಆವರಣಗೋಡೆಗೆ ಪರವಾನಿಗೆ ಕೊಡುವ ಮುನ್ನ ಪಂಚಾಯತಿಯು ಅದನ್ನು ನೋಡಬೇಕು. ಇವೆಲ್ಲಕ್ಕಿಂತಲೂ ಮುಖ್ಯವಾದುದು ಬೆಳೆನಷ್ಟದ ಪರಿಹಾರ. ಇ-ಪರಿಹಾರವೆಂಬ ವ್ಯವಸ್ಥೆಯು ಈಗ ಇದೆ. ಆದರೆ ಪರಿಹಾರವು ಕೈಗೆ ಬರುವ ಹೊತ್ತಿಗೆ ಮುಂದಿನ ಬೆಳೆಯೇ ಬಂದಿದ್ದರೆ ರೈತನಿಗೆ ಕಾನೂನಿನಲ್ಲಿ ನಂಬಿಕೆ ಉಳಿಯುವುದೆಂತು? ತಡವಾದ ಪರಿಹಾರದಿಂದ ನೊಂದವನ ಕೈಯಲ್ಲಿಯೇ ಉರುಳಿನ ತಂತಿಯು ಸುಲಭವಾಗಿ ಬಂದು ಕೂರುತ್ತದೆ.

ಇಷ್ಟೆಲ್ಲ ತೊಂದರೆಯನ್ನು ಕಾಡುಪ್ರಾಣಿಗಾಗಿ ನಾವೇಕೆ ತೆಗೆದುಕೊಳ್ಳಬೇಕೆಂದು ಕೇಳುವವರಿದ್ದಾರೆ. ಅವರಿಗೆ ನಾವು ಹೇಳುವುದಿಷ್ಟೆ. ಚಿರತೆಯು ಉರುಳಿನಲ್ಲಿ ಸತ್ತ ಊರಿನಲ್ಲಿ ಹಂದಿಗೆ ಹೆದರಿಕೆಯಿಲ್ಲ. ಹಾವು ಬಲೆಯಲ್ಲಿ ಸತ್ತ ಹಿತ್ತಲಿನಲ್ಲಿ ಇಲಿಗೆ ಹೆದರಿಕೆಯಿಲ್ಲ. ಬಾವಲಿ ಹಕ್ಕಿಗಳು ಬಾರದ ಹಾಡಿಯಲ್ಲಿ ಹೊಸ ಮರಕ್ಕೆ ಬೀಜವಿಲ್ಲ. ಮರವಿಲ್ಲದ ಹಾಡಿಯ ಕೆಳಗಿನ ತೋಡಿನಲ್ಲಿ ಬೇಸಗೆಗೆ ನೀರಿಲ್ಲ. ಬೇಲಿಯಿಂದ ಹೊರಗಿಟ್ಟೆವೆಂದು ನಾವು ಭಾವಿಸಿದ ನಷ್ಟವು ಸುತ್ತಿ ಬಳಸಿ ಬಾವಿಯ ದಾರಿಯಿಂದ ಮನೆಯೊಳಕ್ಕೆ ಬರುತ್ತದೆ. ಗದ್ದೆಯನ್ನು ಕಾಯುವ ಹಕ್ಕು ಒಕ್ಕಲಿಗನದು. ಅದನ್ನು ಕಸಿಯಲು ಯಾರಿಗೂ ಅಧಿಕಾರವಿಲ್ಲ. ಆ ಹಕ್ಕನ್ನು ಕೊಲೆಯಿಲ್ಲದೆ ನಡೆಯಿಸುವ ಜ್ಞಾನವು ಈಗ ಕೈಯಲ್ಲಿದೆ, ಖರ್ಚೂ ಮೀರಿದುದಲ್ಲ. ಮುಂದಿನ ಕಾರ್ತಿಯ ತೆನೆ ಬಲಿಯುವ ಮೊದಲೇ ಮೂರು ತಾಲೂಕುಗಳಲ್ಲಿ ಒಂದೊಂದು ಬೈಲಾದರೂ ಈ ರೀತಿಯ ಬೇಲಿಯನ್ನು ಕಟ್ಟಿ ಪರೀಕ್ಷಿಸಿ ನೋಡಲಿ. ಅದಕ್ಕೆ ಬೇಕಾದ ನೆರವನ್ನು ಇಲಾಖೆಗಳು ತಡಮಾಡದೆ ನೀಡಲಿ. ಫಲವು ಹೇಗೆ ಬಂತೆಂಬುದನ್ನು ಕೊಯ್ಲಿನ ಮೇಲೆ ಒಕ್ಕಲಿಗರೇ ಹೇಳುವರು.